ಇದಾದ ಮೇಲೆ ಯಾವ ಹಾಡು

ಮನೆಯಿಂದ,
ಮಂಗಳವಾರ ಸಂಜೆ

ಮುದ್ದು ಗುಬ್ಬೀ,

ಹೇಗಿದ್ದೀಯ? ಕಿವಿನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೇ? ಫೋನಿನಲ್ಲಿ ನಿನ್ನ ದನಿ ಸಣ್ಣಗಿತ್ತು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಪಕ್ಕದ ಅಂಗಡಿಯ ಟೈಲರ್ ದಿನಾ ಮಧ್ಯಾಹ್ನ ಬಂದು ಊಟವಾಯಿತೇ ಎಂದು ವಿಚಾರಿಸುತ್ತಾನೆ. ಆಯಿತು ಎಂದರೆ ನಂಬುವುದಿಲ್ಲ, ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾನೆ. ನಿನ್ನಮ್ಮ ಹೋಗುವಾಗ ನನ್ನ ಚಾರ್ಜು ಅವನಿಗೆ ವಹಿಸಿ ಹೋದಳೋ ಏನೋ.

ಕ್ಲಬ್ಬಿನಲ್ಲಿ ಹಾಡು ಹಾಕುವ ಕೆಲಸ ಬಿಟ್ಟು ಬಟ್ಟೆ ಅಂಗಡಿಗೆ ಸೇರಿದೆ ಎಂದು ನೀನು ಹೇಳಿದಾಗ ನಾನು ಬರೀ ಹೂಂ ಅಂದೆ. "ಅಮ್ಮ ಹೋದ ಮೇಲೆ ಜನರನ್ನ ಕುಣಿಸೋಕೆ ಕೈ ಏಳಲ್ಲಪ್ಪಾ" ಅಂದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ. ನನ್ನ ಸಂಗತಿ ನಿನಗೆ ಗೊತ್ತೇ ಇದೆ, ಬಾಯಿಗೆ ಮಾತು ಬರುವ ಹೊತ್ತಿಗೆ ಎದುರಿಗಿದ್ದವರು ಮನೆ ಸೇರಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ರೇಡಿಯೋ ಅಂಗಡಿಯಲ್ಲಿ ಕ್ಯಾಸೆಟ್ ತುಂಬಿಸುತ್ತಿದ್ದ ಕಾಲ ನೆನಪಿದೆಯೇ? ಗಿರಾಕಿ ಹೇಳಿದ ಹಾಡುಗಳನ್ನು ನಾನು ಅವರು ಹೇಳಿದ ಸಾಲಿನಲ್ಲೇ ತುಂಬಿಸಿಬಿಡುತ್ತಿದ್ದೆ. ನಿನ್ನಮ್ಮ ಬಿಡುತ್ತಿರಲಿಲ್ಲ. "ಆ ಹಾಡಾದ ಮೇಲೆ ಇದನ್ನ ಹಾಕ್ತೀರಾ? ಅತ್ತು ಮುಗಿಸಿದವರ ಬೆನ್ನಿಗೆ ಗುದ್ದಿದ ಹಾಗಿರತ್ತೆ" ಎಂದು ಸಾಲು ಬದಲಿಸುತ್ತಿದ್ದಳು. ಬಸ್ ಡ್ರೈವರ್ ಒಬ್ಬ ಬರೀ ದುಃಖದ ಹಾಡು ಕೇಳಿದ್ದ, ಅವಳು ನಡುವೆ ಒಂದು ಕುಣಿಯುವ ಹಾಡು ಸೇರಿಸಿ ಕೊಟ್ಟಿದ್ದಳು. ಅವನು ಜಗಳಕ್ಕೆ ಬಂದ. "ಒಂದು ಗಂಟೆ ಅಳ್ತಾ ಬಸ್ ಓಡಿಸಿದರೆ ಹಿಂದೆ ಕೂತವರ ಗತಿ ಏನಪ್ಪಾ?" ಅಂದಳು. ಬೈಯುತ್ತಲೇ ಹೋದವನು ವಾರ ಕಳೆಯುವುದರೊಳಗೆ ಬಂದು, "ಅಕ್ಕಾ, ನಿಮಗೆ ತೋಚಿದ್ದು ತುಂಬಿಸಿ" ಎಂದು ಇನ್ನೆರಡು ಖಾಲಿ ಕ್ಯಾಸೆಟ್ ಇಟ್ಟು ಹೋದ. ನೀನು ಆಗ ಸ್ಟೂಲಿನ ಮೇಲೆ ನಿಂತು ರೆಕಾರ್ಡಿಂಗ್ ತಡೆಯುವ ಪಾಜ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ನಾನು ತಲೆ ಆಡಿಸಿದಾಗ ಒತ್ತುತ್ತಿದ್ದೆ. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಉಸಿರಾಡುವಷ್ಟು ಜಾಗ ಬಿಡಬೇಕು ಎಂಬುದು ನನ್ನ ಶಾಸ್ತ್ರ.

ಆ ಶಾಸ್ತ್ರವನ್ನೇ ನೀನು ಕ್ಲಬ್ಬಿಗೂ ಹೊತ್ತುಕೊಂಡು ಹೋಗಿದ್ದೆ! ಮೊದಲ ದಿನ ಹಾಡನ್ನು ಕೊನೆಯವರೆಗೂ ಬಿಟ್ಟು, ಮರ್ಯಾದೆಯಾಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮುಂದಿನದನ್ನು ಹಾಕಿದೆಯಂತೆ. ಕುಣಿಯುತ್ತಿದ್ದವರೆಲ್ಲ ಕರೆಂಟು ಹೋಯಿತೆಂದುಕೊಂಡು ನಿಂತುಬಿಟ್ಟರಂತೆ. ನಿನಗೆ ಕೆಲಸ ಕಲಿಸಿದ ಗಡ್ಡದ ಮಾಸ್ತರು ತಲೆ ಮೇಲೆ ಕೈ ಹೊತ್ತರು ಎಂದು ನೀನು ಫೋನಿನಲ್ಲಿ ಅತ್ತಿದ್ದೆ. ನಿನ್ನಮ್ಮ ನಕ್ಕೂ ನಕ್ಕೂ ಕೆಮ್ಮಿದಳು. "ಬೆರಳು ಅಪ್ಪಂದು ಇರಲಿ ಕಣೇ, ಕಿವಿ ನನ್ನದಿಟ್ಕೋ" ಅಂದಳು. ಆಮೇಲೆ ನೀನು ಕಲಿತೆ. ಒಂದು ಕಿವಿಯಲ್ಲಿ ನಡೆಯುತ್ತಿರುವ ಹಾಡು, ಇನ್ನೊಂದರಲ್ಲಿ ಬರಬೇಕಾದ ಹಾಡು. ಅವಳೂ ಹಾಗೇ ಅಲ್ಲವೇ, ಒಂದು ಕಿವಿ ಅಂಗಡಿಯಲ್ಲಿ, ಇನ್ನೊಂದು ಒಲೆಯ ಮೇಲಿನ ಹಾಲಿನಲ್ಲಿ. "ರೆಕಾರ್ಡ್ ಹಾಕೋದೂ ಒಂದು ಕೆಲಸವಾ" ಎಂದು ನಿನ್ನ ಚಿಕ್ಕಪ್ಪ ಹಂಗಿಸಿದಾಗ, "ನಿಮ್ಮಣ್ಣ ಅದನ್ನೇ ಮಾಡಿ ನಿಮ್ಮನ್ನ ಓದಿಸಿದ್ದು" ಎಂದು ಅವಳು ಬಾಯಿ ಮುಚ್ಚಿಸಿದ್ದಳು. ಅವನು ಈಗಲೂ ಆ ವಿಷಯಕ್ಕೆ ಬರುವುದಿಲ್ಲ.

ಅವಳು ಹೋದಾಗಿನಿಂದ ಅಂಗಡಿಯಲ್ಲಿ ನಾನೂ ಒಂದು ಹಾಡು ಹಾಕಿರಲಿಲ್ಲ. ರಿಪೇರಿಗೆ ಬಂದ ರೇಡಿಯೋ ಸರಿಯಾಯಿತೇ ಎಂದು ನೋಡಲು ಸುದ್ದಿ ಮಾತ್ರ ಕೇಳುತ್ತಿದ್ದೆ. ನಿನ್ನೆ ಯಾಕೋ ತಡೆಯಲಾಗಲಿಲ್ಲ. ಧೂಳು ಒರೆಸಿ ಒಂದು ರೆಕಾರ್ಡ್ ಹಾಕಿದೆ. ಪೂರ್ತಿ ಕೇಳಿದೆ. ಅದು ಮುಗಿಯುತ್ತಿದ್ದ ಹಾಗೆ, ಬಾಗಿಲ ಕಡೆ ತಿರುಗಿ, "ಇದಾದ ಮೇಲೆ ಯಾವುದು ಹಾಕಲೇ?" ಎಂದು ಗಟ್ಟಿಯಾಗಿ ಕೇಳಿಬಿಟ್ಟೆ. ಮುಳ್ಳಿನ ಕೆಳಗೆ ರೆಕಾರ್ಡ್ ಸುಮ್ಮನೆ ಸುತ್ತುತ್ತಿತ್ತು. ಹೋಗಿ ಕಪಾಟು ತೆರೆದೆ ಮಗಳೇ. ಕಪಾಟಿನ ತುಂಬ ಹಾಡುಗಳಿದ್ದವು, ಒಂದನ್ನೂ ಆರಿಸಲು ನನ್ನಿಂದ ಆಗಲಿಲ್ಲ. ಇದಕ್ಕೆ ಉತ್ತರ ಹೇಳಬಲ್ಲವರು ಈಗ ನೀನೊಬ್ಬಳೇ ಎಂದು ಆಗ ಹೊಳೆಯಿತು. ನೀನೋ ಎಲ್ಲೋ ಅಂಗಿ ಮಡಚುತ್ತಾ ನಿಂತಿದ್ದೀಯ. ಅಂಗಿ ಮಡಚುವುದು ಕೀಳು ಕೆಲಸ ಅಂತ ಅಲ್ಲ. ಅಲ್ಲಿ ನಿನ್ನ ಕಿವಿಗೆ ಏನು ಕೆಲಸ ಎಂದು ಯೋಚಿಸುತ್ತೇನೆ, ಅಷ್ಟೇ.

ಬಲವಂತವೇನಿಲ್ಲ. ತಣ್ಣೀರು ಕುಡಿಯಬೇಡ. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನಾನು ಕೇಳಿದೆನೆಂದು ಹೇಳು. ನೀನು ಎಲ್ಲಿದ್ದರೂ ನಗುನಗುತ್ತಾ ಇರು ಕಂದಾ, ನನ್ನ ಆಯಸ್ಸೂ ನಿನಗಿರಲಿ.

ನಿನ್ನ ದಾರಿ ನೋಡುತ್ತಿರುವ
ಅಪ್ಪ

ತಾ.ಕ.: ಹೇಳಲೋ ಬೇಡವೋ ಎಂದುಕೊಂಡೇ ಇಷ್ಟು ಬರೆದೆ. ಬೆಳಿಗ್ಗೆ ನಿನ್ನ ಕ್ಲಬ್ಬಿನ ಮ್ಯಾನೇಜರು ಇಲ್ಲಿಗೆ ಫೋನ್ ಮಾಡಿದ್ದರು. ನೀನು ಅವರ ಫೋನ್ ಎತ್ತುತ್ತಿಲ್ಲವಂತೆ. "ಮುಂದಿನ ಶನಿವಾರ ಬರ್ತಾಳಾ, ಇಲ್ಲ ಬೇರೆಯವರನ್ನ ಗೊತ್ತು ಮಾಡಲಾ?" ಎಂದು ಕೇಳಿದರು. ಬರ್ತಾಳೆ ಅಂದುಬಿಟ್ಟೆ. ಬೈಯಬೇಡ. ಆಗುವುದೇ ಇಲ್ಲವೆಂದರೆ ನೀನೇ ಅವರಿಗೆ ಹೇಳು, ಮುದುಕನಿಗೆ ಬುದ್ಧಿಯಿಲ್ಲ ಅಂದರೂ ಸರಿ. ನಾನಂತೂ ಅದೇ ಶನಿವಾರ ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ಚಪ್ಪಲಿ ಹಾಕಿಕೊಂಡವರನ್ನು ಕ್ಲಬ್ಬಿನ ಬಾಗಿಲಲ್ಲೇ ತಡೆಯುತ್ತಾರಂತೆ, ನಿಜವೇ? ಹಾಗಿದ್ದರೆ ಬೂಟು ಹೊಂದಿಸಿಕೊಳ್ಳಬೇಕು, ಬೇಗ ಫೋನ್ ಮಾಡು.