ನಲವತ್ತೊಂದು ಕಾಗೆಗಳು

ದಹಿಸರ್ ಪೂರ್ವ, ಮುಂಬಯಿ
೨೪ ಫೆಬ್ರವರಿ ೨೦೨೫, ಸೋಮವಾರ

ಪಕ್ಷಿಗಳ ಬೆನ್ನು ಹತ್ತಿದ ನನ್ನ ಯಕ್ಷಿಗೆ,

ಹೇಗಿದ್ದೀ ಮಗಾ? ಚಿಲಿಕಾ ಸರೋವರದ ಸೊಳ್ಳೆಗಳು ನಿನ್ನನ್ನು ಇನ್ನೂ ಸ್ವಲ್ಪ ಉಳಿಸಿವೆಯೋ? ಬೆಳಗಿನ ದೋಣಿಯಲ್ಲಿ ಕಿವಿ ಮುಚ್ಚುವ ಟೋಪಿ ಹಾಕುತ್ತೀಯಾ? ಬಾತುಗಳ ಕಾಲಿಗೆ ಉಂಗುರ ತೊಡಿಸುವುದಕ್ಕೆ ಸಂಬಳ ಕೊಡುತ್ತಾರೆಂದರೆ ನಮ್ಮ ಬಿಲ್ಡಿಂಗಿನಲ್ಲಿ ಯಾರೂ ನಂಬುತ್ತಿಲ್ಲ. ಮೂರನೇ ಮಾಳಿಗೆಯ ಮಾಧುರಿ ಆಂಟಿ ಮೊನ್ನೆ ಲಿಫ್ಟಿನಲ್ಲಿ ಹಿಡಿದುಕೊಂಡು, "ಅವಳ ಬೆರಳಿಗೆ ಉಂಗುರ ಯಾವಾಗ?" ಎಂದರು. "ಬಾತುಗಳ ಸರದಿ ಮುಗಿಯಲಿ" ಎಂದೆ. ಯಕ್ಷಿತಾ ಎಂದು ಹೆಸರಿಟ್ಟವರು ನಾವು. ಒಂದಕ್ಷರ ಜಾರಿ ನೀನು ಪಕ್ಷಿಗಳ ಪಾಲಾದೆ. ಫೋನಿನಲ್ಲಿ ನಾನು "ಊಟ ಆಯ್ತಾ" ಎನ್ನುವಷ್ಟರಲ್ಲಿ ನಿನ್ನ ನೆಟ್‌ವರ್ಕ್ ಹಾರಿಹೋಗುತ್ತದೆ, ಅದಕ್ಕೇ ಈ ಕಾಗದ. ನಿನ್ನ ಕನ್ನಡದ ಓದು ಮಾಲ್‌ಗಾಡಿಯ ಆಮೆವೇಗದ್ದೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ಕಳೆದ ವಾರ ನೀನು ಕೇಳಿದ್ದು ಮರೆತಿಲ್ಲ. "ಪಪ್ಪಾ, ಇನ್ನೆರಡು ವರ್ಷಕ್ಕೆ ಸಹಿ ಹಾಕಲಾ? ಮಾರ್ಚ್ ಹದಿನೈದರೊಳಗೆ ಹೇಳ್ಬೇಕು. ನೀವು ಅಲ್ಲಿ ಠೀಕ್ ಇದ್ದೀರಲ್ಲಾ?" ಉತ್ತರಕ್ಕೆ ಬರುತ್ತೇನೆ. ಮೊದಲು ಕಾಗೆಗಳ ವಿಷಯ ಇತ್ಯರ್ಥವಾಗಲಿ. ನೀನು ಹಕ್ಕಿಗಣತಿಯ ದಿನ ಹದಿನೈದು ನಿಮಿಷ ಬಾಲ್ಕನಿಯಲ್ಲಿ ಕುಳಿತು ಕಂಡದ್ದನ್ನೆಲ್ಲ ಎಣಿಸಿ ಕಳಿಸಿ ಎಂದಿದ್ದೆ. ನಾನು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಇಡ್ಲಿ ಚೂರುಗಳನ್ನು ಗೋಡೆಯ ಮೇಲೆ ಸಾಲಾಗಿ ಇಟ್ಟು ಕುಳಿತೆ. ಕಾಗೆ ನಲವತ್ತೊಂದು, ಪಾರಿವಾಳ ಇಪ್ಪತ್ತಾರು, ಮೈನಾ ಹದಿನಾಲ್ಕು, ಕೆಂಬೂತ ಒಂದು. (ಈ ಭೂತಕ್ಕೆ ಊರಿನಲ್ಲಾದರೆ ಕೋಲ ಕೊಡಿಸಬಹುದಿತ್ತು, ಇಲ್ಲಿ ಬಾಳೆಹಣ್ಣು ಇಟ್ಟರೆ ಕೆಂಗಣ್ಣು ಬಿಟ್ಟು ಹೋಯಿತು.) ನೀನು ನಗುತ್ತಾ, "ಪಪ್ಪಾ, ಕಾಗೆ ಎಣಿಸಿದ್ದಾ, ಹಾರಿಸಿದ್ದಾ?" ಎಂದೆ. ಬೇಜಾರಾಯಿತು ಮಗಾ. ಬೈಕುಲ್ಲಾದ ಹೋಟೆಲಿನಲ್ಲಿ ಮೂವತ್ತೆರಡು ವರ್ಷ ಮ್ಯಾನೇಜರಾಗಿದ್ದವನು ನಾನು. ಒಬ್ಬನೇ ಟ್ಯಾಕ್ಸಿವಾಲಾ ದಿನಕ್ಕೆ ಐದು ಸಲ ಚಹಾಕ್ಕೆ ಬಂದರೆ ಅಲ್ಲಿ ಐದು ಗಿರಾಕಿ. ಇಡ್ಲಿ ಕಚ್ಚಿಕೊಂಡು ತೆಂಗಿನ ಮರಕ್ಕೆ ಹೋಗಿ ಮತ್ತೆ ಬಂದು ಕುಳಿತ ಕಾಗೆಯೂ ನನಗೆ ಹೊಸ ಗಿರಾಕಿಯೇ. "ಹಾಗಲ್ಲ ಪಪ್ಪಾ, ಒಂದೇ ಸಲ ಒಟ್ಟಿಗೆ ಎಷ್ಟು ಕಂಡವೋ ಅಷ್ಟೇ ಬರೀಬೇಕು" ಎಂದು ನೀನು ನಿಯಮ ಹೇಳಿಕೊಟ್ಟೆ. ಆ ನಿಯಮ ಹಾಕಿದರೆ ನನ್ನ ನಲವತ್ತೊಂದು ಕಾಗೆ ಮೂರಕ್ಕೆ ಇಳಿಯಿತು. ತುಂಬಿದ ಹೋಟೆಲು ಕಣ್ಣೆದುರೇ ಖಾಲಿಯಾದ ಹಾಗಾಯಿತು.

ಆದರೂ ಈಗ ದಿನಾ ಬೆಳಿಗ್ಗೆ ಏಳಕ್ಕೆ ನಿನ್ನ ನಿಯಮದಂತೆಯೇ ಎಣಿಸುತ್ತಿದ್ದೇನೆ. ಕಾಗೆ ಮೂರು. ಮೈನಾ ಯಾವಾಗಲೂ ಎರಡು. ಒಂದು ಬಂದರೆ ಇನ್ನೊಂದು ಎಲ್ಲೋ ಹತ್ತಿರವೇ ಬಯ್ಯುತ್ತಿರುತ್ತದೆ. ಪಾರಿವಾಳಗಳಿಗೆ ಕಾಳು ಹಾಕಬಾರದೆಂದು ಸೊಸೈಟಿಯವರು ಬೋರ್ಡು ಹಾಕಿದ್ದಾರೆ, ಹಕ್ಕಿಗಳಿಗೂ ಒಂದು ಹಕ್ಕು ಬೇಡವೇ ಎಂದು ಸೆಕ್ರೆಟರಿಯನ್ನು ಕೇಳಿದೆ; ಅವರಿಗೆ ಕನ್ನಡ ಬರುವುದಿಲ್ಲ, ಒಳ್ಳೆಯ ಮಾತೊಂದು ವ್ಯರ್ಥವಾಯಿತು. ಮಡಿವಾಳ ಹಕ್ಕಿ ಮಾತ್ರ ಒಂದೇ ಒಂದು. ಎದುರು ಬಿಲ್ಡಿಂಗಿನ ಡಿಶ್ ಮೇಲೆ ಕುಳಿತು, ಕತ್ತಲು ಹರಿಯುವ ಮೊದಲೇ ಹಾಡಲು ಶುರು ಮಾಡುತ್ತದೆ. ಹಾಡಿ, ನಿಲ್ಲಿಸಿ, ತಲೆ ವಾಲಿಸಿ ಕಾಯುತ್ತದೆ. ಎಲ್ಲಿಂದಲೂ ಏನೂ ಬರುವುದಿಲ್ಲ. ಆಮೇಲೆ ಮತ್ತೆ ಮೊದಲಿನಿಂದ. ಹೋಟೆಲಿನ ಕೈಗೆ ಎಂಟಕ್ಕಿಂತ ಕಡಿಮೆ ಇಡ್ಲಿ ಬೇಯಿಸಲು ಬರುವುದಿಲ್ಲವಾದ್ದರಿಂದ ಕಾಗೆಗಳು ದಪ್ಪಗಾಗಿವೆ. ನಿನ್ನಮ್ಮ ತೀರಿಕೊಂಡ ಮೇಲೆ, "ದೂಜ ಮಾಮ ಪಪ್ಪನ ಜೊತೆ ಇದ್ದರೆ ಮಾತ್ರ ಹೋಗ್ತೀನಿ" ಎಂದು ಹಟ ಹಿಡಿದು, ನಮ್ಮ ಹೋಟೆಲಿನ ದೋಸೆಕಲ್ಲಿನ ಮುಂದಿನಿಂದ ರಿಟೈರಾದ ಆ ಮಹಾಶಯನನ್ನು ಹಾಲ್‌ನ ದಿವಾನದ ಮೇಲೆ ಸ್ಥಾಪಿಸಿ ಹೋದೆಯಲ್ಲ, ಅವನು ಚೆನ್ನಾಗಿದ್ದಾನೆ. ಮೊಣಕಾಲು ನೋವು ಈಗ ಕಡಿಮೆಯಂತೆ.

ನಾನೂ ಠೀಕ್ ಇದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಸಹಿ ಹಾಕು ಮಗಾ, ಧೈರ್ಯವಾಗಿ ಹಾಕು. ಕೈಯಲ್ಲಿ ಹಿಡಿದ ಹಕ್ಕಿ ಕುಕ್ಕದಿರಲಿ, ಕುಳಿತ ದೋಣಿ ಮಗುಚದಿರಲಿ, ಹೊತ್ತಿಗೆ ಸರಿಯಾಗಿ ಬಿಸಿ ಅನ್ನ ಸಿಗಲಿ. ನಿನ್ನಮ್ಮ ಇದ್ದಿದ್ದರೆ ಇದಕ್ಕೆ ಇನ್ನೂ ಹತ್ತು ಸೇರಿಸುತ್ತಿದ್ದಳು.

ನಿನ್ನ ಪಪ್ಪ,
ಶೇಖರ

ತಾ.ಕ.: ಪೋಸ್ಟ್ ಡಬ್ಬಿಯವರೆಗೆ ಹೋಗಿ ವಾಪಸ್ ಬಂದೆ. ಲಕೋಟೆ ಒಡೆದು ಬರೆಯುತ್ತಿದ್ದೇನೆ. ನಾನು ಹಾರಿಸಿದ ಕಾಗೆ ಒಂದು ಇದೆ. ದೂಜ ದೀಪಾವಳಿಗೆ ಹೆಜಮಾಡಿಗೆ ತಂಗಿಯ ಮನೆಗೆ ಹೋದವನು ಅಲ್ಲೇ ಉಳಿದುಬಿಟ್ಟ, ಇನ್ನು ಬರುವುದೂ ಇಲ್ಲ. ನಾಲ್ಕು ತಿಂಗಳಿಂದ ಫೋನಿನಲ್ಲಿ "ನಮ್ಮದು ಊಟ ಆಯ್ತು" ಎನ್ನುತ್ತಿದ್ದೆನಲ್ಲ, ಅದು ಹೋಟೆಲಿನ ಲೆಕ್ಕ: ಅಡುಗೆಮನೆಗೆ ಹೋದಾಗ ಒಬ್ಬ, ಹಾಲ್‌ಗೆ ಬಂದಾಗ ಇನ್ನೊಬ್ಬ. ನಿನ್ನ ನಿಯಮದಂತೆ ಎಣಿಸಿದರೆ ಈ ಮನೆಯಲ್ಲಿ ಒಟ್ಟಿಗೆ ಕಾಣುವುದು ಒಬ್ಬನೇ. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ. ಸಹಿ ನಿನ್ನದು, ಕೈ ನಿನ್ನದು. ತಪ್ಪು ಗಣತಿ ನೋಡಿಕೊಂಡು ಮಾತ್ರ ಹಾಕಬೇಡ. ಅದಕ್ಕೆ ಮೊದಲು ಒಂದು ಸಲ ಬಂದು ನೀನೇ ಎಣಿಸು. ಬೆಳಿಗ್ಗೆ ಏಳಕ್ಕೆ, ಇಡ್ಲಿ ಇರುತ್ತದೆ. ಹದಿನೈದು ನಿಮಿಷ ಸಾಕು.