ಅರ್ಧ ಮಾತಿಗೆ ಎದ್ದು ಹೋದಾಂವಗ

ಬಾಲಾನಗರ, ಹೈದರಾಬಾದ್
ಗುರುವಾರ, 18 ಆಗಸ್ಟ್ 2005

ಚನ್ನೂ,

ನೀ ಆರಾಮ ಇದ್ದಿ ಅಂತ ತಿಳದೀನಿ. ಆರಾಮ ಇರಾಕಂತನ ಪುಣೆಕ್ಕ ಹೋದಾಂವ ನೀ. ನನ್ನ ಮೊಣಕಾಲ ನೋವು ಇದ್ದಂಗ ಐತಿ. ನಿನ್ನ ಮಗಳು ನಿರೀಕ್ಷಾ ದಿನಾ ಸಾಲಿಗೆ ಹೋಗ್ತಾಳ, ಬಂದು ತಾಯಿ ರೇಣುಕಾನ ಕಾಲು ಒತ್ತತಾಳ. ಇಲ್ಲಿ ಗಚ್ಚಿಬೌಲಿ ಕಂಪನಿಗಳಿಗೆ ಕ್ಯಾಬ್ ಓಡಿಸಿದ್ದು ಸಾಲಲಿಲ್ಲಂತ ಪುಣೆದಾಗೂ ಕಾಂಟ್ರಾಕ್ಟ್ ಹಿಡದಿ ಅಂತ ನಿನ್ನ ಡ್ರೈವರ್ ಲಿಂಗಣ್ಣ ಹೇಳಿದ. ಆರು ವಾರದಾಗ ನೀ ನನ್ನ ಫೋನು ಎತ್ತಿದ್ದು ಒಂದ ಸಲ. ಅವತ್ತು ಅಂದದ್ದೂ ಒಂದ ಮಾತು: "ಆ ರೋಗ ಯಾರ ಕಡಿಂದ ತಂದಾಳ, ಆಕಿಗೇ ಕೇಳು." ಅಷ್ಟಂದು ಫೋನು ಇಟ್ಟಿ. ಅದಕ್ಕ ಬರಿಯಾಕತ್ತೀನಿ. ಮೂವತ್ತೊಂದು ವರ್ಷ ಭಾಲ್ಕಿ ಸಾಲ್ಯಾಗ ಅಕ್ಷರ ಕಲಿಸಿದಾಕಿ ನಾ. ಪತ್ರಾನ ನಡುವ ಕಟ್ ಮಾಡಾಕ ಬರೂದಿಲ್ಲ ನಿನಗ.

ನೀ ಪುಣೆಕ್ಕ ಹೋಗೂ ಮೊದಲ ದವಾಖಾನ್ಯಾಗ ಡಾಕ್ಟರಮ್ಮ ನಮ್ಮ ಮೂರೂ ಮಂದಿನ್ನ ಕುಂದರಿಸಿ ಹೇಳಿದ್ರಲ್ಲ, ರೇಣುಕಾನ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಐತಿ, ಇದು ಒಂದು ವೈರಸ್‌ದಿಂದ ಬರ್ತೈತಿ, ಆ ವೈರಸ್ ಗಂಡ-ಹೆಂಡತಿ ಕೂಡೂದರಿಂದ ಹತ್ತತೈತಿ ಅಂತ. ನೀ ಅಷ್ಟ ಕೇಳಿದಿ. ಗಾಡಿ ಅಡ್ಡ ನಿಂತೈತಿ, ತಗದು ಬರ್ತೀನಿ ಅಂತ ಎದ್ದಿ, ಬರಲಿಲ್ಲ. ಉಳಿದ ಮಾತು ನಾನು ಆಕಿ ಕೇಳಿದ್ವಿ. ಆ ವೈರಸ್ ಭಾಳ ಮಂದಿಗೆ ಯಾವಾಗರ ಒಮ್ಮೆ ಬರ್ತೈತಂತ, ಹೆಚ್ಚಿನವರಿಗೆ ತಾನ ಹೋಗ್ತೈತಂತ, ಕೆಲವರೊಳಗ ಹತ್ತು-ಹದಿನೈದು ವರ್ಷ ಸುಮ್ನ ಕುಂತು ಆಮ್ಯಾಲ ಏಳತೈತಂತ. ಗಂಡನಿಂದನ ಬಂದಿರಬಹುದು. ಯಾರಿಂದ, ಯಾವಾಗ ಅಂತ ಯಾವ ಟೆಸ್ಟೂ ಹೇಳೂದಿಲ್ಲ. "ಇದರಾಗ ಯಾರ ನಡತಿನೂ ಹುಡುಕಬ್ಯಾಡ್ರಿ" ಅಂದ್ರು.

ಇಷ್ಟು ಕಿವಿಯಾರೆ ಕೇಳಿದ ನಾನು, ನೀ ಫೋನಿನಾಗ ಹಂಗಂದ ದಿನ ರೇಣುಕಾ ಬಡಿಸಿದ ಊಟ ಬ್ಯಾಡ ಅಂದೆ. ಹಸಿವಿಲ್ಲ ಅಂದೆ, ಆದ್ರ ಆಕಿ ನನ್ನ ಮಾರಿ ನೋಡಿ ತಿಳಕೊಂಡ್ಲು. ಇದನ್ನ ನಿನ್ನ ಪಾಪದಾಗ ಸೇರಸೂದಿಲ್ಲ, ಇದು ನಂದು.

ಮರುದಿನ ಆಕಿ ಬಚ್ಚಲಕ್ಕ ಹೋಗಿ ಭಾಳ ಹೊತ್ತು ಬರಲಿಲ್ಲ. ರೇಡಿಯೇಶನ್ ಕರೆಂಟ್ ಎಲ್ಲಿ ಬೀಳಬೇಕು ಅಂತ ದವಾಖಾನ್ಯಾಗ ಹೊಟ್ಟಿ ಮ್ಯಾಲ ಶಾಯಿಲೆ ಗೆರಿ ಹಾಕಿರ್ತಾರ, ಅಳಸಬಾರದು ಅಂತ ನೂರು ಸಲ ಹೇಳಿರ್ತಾರ. ಆಕಿ ಆ ಗೆರಿಗಳನ್ನ ತೆಂಗಿನ ನಾರು ತಗೊಂಡು ತಿಕ್ಕಿ ಅಳಸಿದ್ಲು. ಹೊಟ್ಟಿ ಕೆಂಪಗ ಸುಲಿದಿತ್ತು. ಸೋಮವಾರ ಕರೆಂಟಿಗೆ ಹೋಗಲಿಲ್ಲ, ಮಂಗಳವಾರ ಹೋಗಲಿಲ್ಲ.

ಆವಾಗ ಆಕಿನ್ನ ಕೇಳಿದವರು ಯಾರು? ಗಂಡ ಅಲ್ಲ. ಕರೆಂಟ್ ಮಶೀನ್ ನಡಸೂ, ಸೇಡಂ ಊರಿನ ಅಮರಯ್ಯ ಬಾಜು ಮನಿಗೆ ಫೋನು ಮಾಡಿ "ರೇಣುಕಾಬಾಯಾರು ಯಾಕ ಬಂದಿಲ್ರಿ?" ಅಂದ. ಬುಧವಾರ ದವಾಖಾನಿಯಿಂದ ಕೌನ್ಸೆಲರ್ ಕಮಲಾಕ್ಷಿ ಆಟೋ ಹಿಡಕೊಂಡು ಮನಿಗೇ ಬಂದ್ಲು, ಚಾಪಿ ಹಾಸೂತನಕ ಕಾಯಲಾರದ ನೆಲಕ್ಕ ಕುಂತ್ಲು. ರೇಣುಕಾ "ಉಳಿದು ಯಾರ ಮುಂದ ನಿಂದರ್ಲಿ?" ಅಂದ್ಲು. ಕಮಲಾಕ್ಷಿ ಆಕಿಗೆ ಸಮಾಧಾನ ಹೇಳಲಿಲ್ಲ. ನನ್ನ ಕಡೆ ತಿರುಗಿ "ಅಮ್ಮಾರ, ನೀವು ಈಕಿ ಕೈಯಾಗಿಂದು ಉಣ್ತೀರೇನು?" ಅಂದ್ಲು. ಇಡೀ ಜನ್ಮದಾಗ ನನಗ ಯಾರೂ ಅಂಥಾ ಪ್ರಶ್ನೆ ಕೇಳಿದ್ದಿಲ್ಲ. ಎದ್ದು ಬುಟ್ಟ್ಯಾಗಿಂದು ರೇಣುಕಾ ಬಡದಿದ್ದ ಒಂದು ತಂಗಳ ರೊಟ್ಟಿ ತಗೊಂಡು ಆಕಿ ಮುಂದ ಕುಂತು ತಿಂದೆ. ರೇಣುಕಾ ನೀರು ತಂದು ಇಟ್ಲು.

ಮರುದಿನ ಗುರುವಾರ ನಾನ ಆಕಿನ್ನ ದವಾಖಾನಿಗೆ ಕರಕೊಂಡು ಹೋದೆ. ಡಾಕ್ಟರಮ್ಮ ಆಕಿಗಿಂತ ನನಗ ಜಾಸ್ತಿ ಬೈದ್ರು. ನಡುವ ತಪ್ಪಿಸಿದ ದಿನ ಕ್ಯಾನ್ಸರ್ ಗಡ್ಡಿಗೆ ಉಪಕಾರ ಮಾಡಿದಂಗ ಅಂದ್ರು. ಅಮರಯ್ಯ ಮತ್ತೊಮ್ಮೆ ಅಳತಿ ತಗೊಂಡು ಗೆರಿ ಹಾಕಿದ. ಆಪರೇಶನ್ ಮಾಡೂ ಡಾಕ್ಟರು, ಕರೆಂಟ್ ಕೊಡೂ ಡಾಕ್ಟರು, ಔಷಧದ ಡಾಕ್ಟರು ಒಂದು ಟೇಬಲ್ಲಿಗೆ ಕುಂತು ನಿನ್ನ ಹೆಂಡತಿ ಫೈಲು ಮತ್ತ ನೋಡಿದ್ರು, ತಪ್ಪಿದ ದಿನ ಹೆಂಗ ಕೂಡಿಸಬೇಕು ಅಂತ ತಮ್ಮತಮ್ಮೊಳಗ ಜಗಳಾಡಿದ್ರು. ಕೇರಳದ ಸಿಸ್ಟರ್ ವಾಂತಿ ಬಟ್ಟಲ ಹಿಡದಾಳ. ಇವರ್‍ಯಾರೂ ನಮ್ಮ ಬಳಗ ಅಲ್ಲ. ಬಳಗದಾಂವ ಪುಣೆದಾಗ ಅದಾನ.

ಡಾಕ್ಟರಮ್ಮ ಹುಡುಕಬ್ಯಾಡ್ರಿ ಅಂದಾರ, ಅದಕ್ಕ ನಾ ಹುಡುಕೂದಿಲ್ಲ. ನೀ ಮುಂಬೈ ಲಾರಿ ಹೊಡಿಯೂ ಕಾಲಕ್ಕ ಸೋಲಾಪುರದಾಗ ಎರಡೆರಡು ದಿನ ಯಾರ ಮನಿಯಾಗ ನಿಂದರತಿದ್ದಿ ಅನ್ನೂದು ನಾ ಆಗೂ ಕೇಳಲಿಲ್ಲ, ಈಗೂ ಕೇಳೂದಿಲ್ಲ. ಕೇಳಬಾರದ್ದನ್ನ ಆಕಿಗೆ ಕೇಳಿದಾಂವ ನೀನ.

ಇವತ್ತು ಹೊರಗಿಂದ ಕೊಡೂ ಕರೆಂಟ್ ಮುಗೀತು. ಗಡ್ಡಿ ಭಾಳ ಸಣ್ಣಗಾಗೇತಿ ಅಂದ್ರು. ಇನ್ನ ಮೂರು ಸಲ ಒಳಗ ನಳಿಗಿ ಇಟ್ಟು ಕರೆಂಟ್ ಕೊಡೂದೈತಿ. ಪೂರ್ತಿ ಹೋಗ್ತೈತೇನು ಅಂದ್ರ, ಮೂರು ತಿಂಗಳ ಆದಮ್ಯಾಲ ನೋಡೂಣು ಅಂದ್ರು, ಸುಳ್ಳ ಆಸೆ ಹಚ್ಚಲಿಲ್ಲ. ಅದರ ಒಪ್ಪಿಗಿ ಫಾರ್ಮಿಗೆ ಕ್ಲಾರ್ಕ್ "ಪತಿ ಕಿಧರ್ ಹೈ?" ಅಂತ ಹಿಂದ್ಯಾಗ ಗಂಡನ್ನ ಕೇಳಿದ. ರೇಣುಕಾ ಅವನ ಕೈಯಾಗಿನ ಪೆನ್ನು ಇಸಕೊಂಡು ಕನ್ನಡದಾಗನ ಅಂದ್ಲು, "ರೋಗ ನಂದು, ಸಹಿನೂ ನಂದು." ಅವಗ ತಿಳೀತೋ ಇಲ್ಲೋ, ಕಾಗದ ಮುಂದ ಸರಿಸಿದ.

ಆಶೀರ್ವಾದ ಬರಿಯಾಕ ಕೈ ಏಳವಲ್ದು. ತಾಯಿ ಬಾಯಾಗ ಬ್ಯಾರೆ ಮಾತು ಬರಬಾರದು ಅಂತ ಇಲ್ಲಿಗೆ ಸಾಕ ಮಾಡ್ತೀನಿ.

ನಿನ್ನ ಹಡದಾಕಿ,
ಶಾರದಾಬಾಯಿ

ತಾ.ಕ.: ಲಕೋಟಿ ಅಂಟಿಸೂಮುಂದ ಬರಿಯಾಕತ್ತೀನಿ. ಬರೂ ತಿಂಗಳ ಒಂದಕ್ಕ ಈ ಮನಿ ಖಾಲಿ ಮಾಡ್ತೀವಿ. ತಾರ್ನಾಕದ ಕಡೆ ಎರಡು ಖೋಲಿ ಸಿಕ್ಕಾವ. ರೇಣುಕಾ, ನಿರೀಕ್ಷಾ ಹೊಂಟಾರ, ಅವರ ಕೂಡ ನಾನೂ ಹೊಂಟೀನಿ. ಹೊಸ ವಿಳಾಸ ನಿನಗ ಬರದು ಕಳಸ್ರಿ ಅಂತ ರೇಣುಕಾ ಹೇಳ್ಯಾಳ. ಕಳಸೂದಿಲ್ಲ ಅಂದಾಕಿ ನಾನು.