ಹರಿದ ಚಿತ್ರದ ಕೆಳಗಿನ ಚೀಟಿ

ಬೆಟಗೇರಿ

ಕೊಟ್ರೇಶಣ್ಣನಿಗೆ,

ನಿನ್ನೆ ಫೋನಿನಲ್ಲಿ ನೀನು, "ಶಾಂಭವಿ ಹರಕ ಚಿತ್ರ ನಿನ್ನ ಪ್ರದರ್ಶನದಾಗ ಇಡಬ್ಯಾಡವ್ವ. ಹೆಂಗ ಹರೀತು ಅಂತ ಮಂದಿ ಕೇಳ್ತಾರ," ಎಂದೆಯಲ್ಲ? ಇಡುತ್ತೇನೆ.

ಏಳು ವರ್ಷದ ಹಿಂದೆ ನೀನು ನಮ್ಮ ತಂಗಿ ಶಾಂಭವಿಯ ಚಿತ್ರಗಳನ್ನೆಲ್ಲ ಅಂಗಳದ ಒಣಮೆಣಸಿನಕಾಯಿ ರಾಶಿಗೆ ಹೊಚ್ಚಿದ್ದೆ. "ಗಿಡಾ ಇಲ್ಲ, ಮನಷ್ಯಾ ಇಲ್ಲ, ಇದ್ಯಾತರ ಚಿತ್ರ? ಮಳಿಗರ ಅಡ್ಡ ಆಗಲಿ," ಎಂದು ಅವಳೆದುರೇ ಹೇಳಿದೆ. "ತಾಡಪತ್ರಿಗಿಂತ ಚೊಲೊ ಐತಿ ಬಿಡಣ್ಣ," ಎಂದು ನಾನು ನಕ್ಕೆ. ಅವಳು ಮತ್ತೆ ಕುಂಚ ಮುಟ್ಟಲಿಲ್ಲ.

ಉಳಿದ ಒಂದೇ ಒಂದನ್ನು ಹೋದ ವರ್ಷ ತಂದು ಗೋಡೆಗೆ ಹಾಕಿದೆ. ಪ್ರೀತಿಗೋ, ತಪ್ಪಿನ ಅಳುಕಿಗೋ, ಗೊತ್ತಿಲ್ಲ. ಅದರಲ್ಲಿ ಏನಿದೆಯೆಂದು ತಿಂಗಳುಗಟ್ಟಲೆ ಹುಡುಕಿದೆ. ಹುಡುಕುವುದನ್ನು ಬಿಟ್ಟ ದಿನ, ಕಪ್ಪಿನ ಅಂಚಿಗೆ ಒತ್ತಿಕೊಂಡ ಸಣ್ಣ ಹಳದಿಯ ಮುಂದೆ ಏಳಲಾಗದೆ ಕುಳಿತೆ. ಆಮೇಲೆ ನಾನೂ ಬಣ್ಣ ಕಲಸತೊಡಗಿದೆ. ಒಂಬತ್ತು ಚಿತ್ರಗಳಾಗಿವೆ. ಒಂದರಲ್ಲೂ ಗಿಡವಿಲ್ಲ, ಮನುಷ್ಯರಿಲ್ಲ.

ಅವಳ ಚಿತ್ರ ಹೇಗೆ ಹರಿಯಿತೆಂದು ಯಾರೂ ಕೇಳಬೇಕಾಗಿಲ್ಲ. ಕೆಳಗೆ ಚೀಟಿ ಅಂಟಿಸುತ್ತೇನೆ: "ಬಣ್ಣ: ಶಾಂಭವಿ. ಹರಕು ಮತ್ತು ಖಾರದ ಕಲೆ: ಅಣ್ಣ ಕೊಟ್ರೇಶ, ಮೆಣಸಿನಕಾಯಿ ವ್ಯಾಪಾರಿ, ಮುಂಡರಗಿ. ನಕ್ಕವಳು: ಅಕ್ಕ ವಿನುತಾ." ಇದು ನ್ಯಾಯವೋ ಸೇಡೋ ಎಂದು ಬಹಳ ಯೋಚಿಸಿದೆ. ಸೇಡೇ.

ಭಾನುವಾರ ಹತ್ತೂವರೆಗೆ ಗದಗಿಗೆ ಬಾ. ಪತ್ರಿಕೆಯವರು ಬರುತ್ತಾರೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೋ. ಶಾಂಭವಿಯ ಪಕ್ಕದ ಕುರ್ಚಿ ನಿನಗಿಟ್ಟಿದ್ದೇನೆ. ಚೀಟಿಯನ್ನು ಅವಳಿಗೆ ನೀನೇ ಓದಿ ಹೇಳಬೇಕು.

ನಿನ್ನ ತಂಗಿ,
ವಿನುತಾ